ಸೊಂಟದ ಕೀಲಿಗೆ ಕಿರುದಾರಿ: ಕೀಹೋಲ್ ಶಸ್ತ್ರಚಿಕಿತ್ಸೆಗೆ ಮುನ್ನ ಅರಿಯಬೇಕಾದ ಅಂಗರಚನೆ

ಮಲ್ಲಿಪಟ್ಟಣ: ‘ಸೊಂಟ ನೋವು’ ಎಂಬ ಎರಡು ಪದಗಳಲ್ಲಿ ನಾವು ಕನಿಷ್ಠ ಮೂರು ಬಗೆಯ ನೋವನ್ನು ಹೇಳುತ್ತೇವೆ. ಬೆನ್ನಿನ ಕೆಳಭಾಗ ಹಿಡಿದುಕೊಂಡರೂ ಸೊಂಟ ನೋವು, ಪೃಷ್ಠದಿಂದ ಮೀನಖಂಡದವರೆಗೆ ನರ ಸೆಳೆದರೂ ಸೊಂಟ ನೋವು, ತೊಡೆಯು ದೇಹಕ್ಕೆ ಕೂಡುವ ಕೀಲು ಕೆಟ್ಟರೂ ಸೊಂಟ ನೋವು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಂತಹ ಹೋಬಳಿ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಹಾಸನಕ್ಕೆ, ಕೊನೆಗೆ ಬೆಂಗಳೂರಿಗೆ ಹೋಗುವ ರೋಗಿ ಈ ಒಂದೇ ಮಾತನ್ನು ಹೊತ್ತು ಸಾಗುತ್ತಾನೆ. ಮಾತು ಬೆನ್ನನ್ನು ಸೂಚಿಸಿದರೆ ಎಕ್ಸ್‌ರೇ ಕೂಡ ಬೆನ್ನಿನದೇ ಆಗುತ್ತದೆ. ಕೀಲು ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ.

ಸೊಂಟದ ಕೀಲಿನ ನಿಜವಾದ ನೋವು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮುಂಭಾಗದಲ್ಲಿ, ತೊಡೆಸಂದಿಯಲ್ಲಿ. ನೋವು ಎಲ್ಲಿದೆ ಎಂದು ಕೇಳಿದಾಗ ಅನೇಕರು ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದಕ್ಕೂ ಇಟ್ಟು, ಅಂಗೈಯಲ್ಲಿ ಸೊಂಟದ ಪಕ್ಕವನ್ನು ಹಿಡಿದು ತೋರಿಸುತ್ತಾರೆ. ಈ ಒಂದು ಸನ್ನೆಯೇ ಅನುಭವಿ ವೈದ್ಯರಿಗೆ ಸಾಕಷ್ಟು ಹೇಳುತ್ತದೆ. ಇನ್ನು ಕೆಲವರಲ್ಲಿ ನೋವು ಮಂಡಿಗೆ ಇಳಿಯುತ್ತದೆ. ಸೊಂಟದ ಕೀಲಿಗೂ ಮಂಡಿಗೂ ಕೆಲವು ನರಗಳು ಸಮಾನವಾಗಿರುವುದೇ ಇದಕ್ಕೆ ಕಾರಣ. ಮಂಡಿ ನೋವೆಂದು ಬಂದ ಮಗುವಿನ ಸೊಂಟವನ್ನೂ ಪರೀಕ್ಷಿಸಬೇಕು ಎಂಬುದು ಮೂಳೆ ವೈದ್ಯಶಾಸ್ತ್ರದ ಹಳೆಯ ಪಾಠಗಳಲ್ಲೊಂದು.

ಇತ್ತೀಚಿನ ವರ್ಷಗಳಲ್ಲಿ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಈ ಕೀಲಿಗೂ ಕೀಹೋಲ್ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಬೀಗದ ಕಿಂಡಿಯಷ್ಟು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ತೂರಿಸಿ ಮಾಡುವ ಚಿಕಿತ್ಸೆ ಇದು. ಹೊಲಿಗೆ ಸಣ್ಣದು, ಆಸ್ಪತ್ರೆ ವಾಸ ಕಡಿಮೆ ಎಂಬ ಮಾತು ಕೇಳಿ ‘ನನಗೂ ಅದನ್ನೇ ಮಾಡಿ’ ಎನ್ನುವವರಿದ್ದಾರೆ. ಆದರೆ ಯಾರ ಕೀಲಿಗೆ ಅದು ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದು ರಂಧ್ರದ ಗಾತ್ರದಿಂದ ತೀರ್ಮಾನವಾಗುವುದಿಲ್ಲ. ಒಳಗಿನ ರಚನೆಯೇ ಅದನ್ನು ತೀರ್ಮಾನಿಸುತ್ತದೆ.

ಒರಳು, ಗುಂಡು ಮತ್ತು ಸಿಂಬಿ

ಹಳೆಯ ಮನೆಗಳ ಒರಳುಕಲ್ಲನ್ನು ಕಂಡವರಿಗೆ ಸೊಂಟದ ಕೀಲನ್ನು ವಿವರಿಸುವುದು ಸುಲಭ. ಕುಳಿಯೊಳಗೆ ಗುಂಡುಕಲ್ಲು ತಿರುಗುವ ಹಾಗೆ, ಶ್ರೋಣಿಯ ಬಟ್ಟಲಿನೊಳಗೆ ತೊಡೆಮೂಳೆಯ ತಲೆ ತಿರುಗುತ್ತದೆ. ಈ ತಲೆ ಗೋಳದ ಸುಮಾರು ಮೂರನೇ ಎರಡು ಭಾಗದಷ್ಟಿದ್ದು, ವಯಸ್ಕರಲ್ಲಿ ನಾಲ್ಕೂವರೆಯಿಂದ ಐದು ಸೆಂಟಿಮೀಟರ್ ಆಸುಪಾಸಿನ ವ್ಯಾಸ ಹೊಂದಿರುತ್ತದೆ. ಬಟ್ಟಲು ಒಂದೇ ಮೂಳೆಯದಲ್ಲ. ಬಾಲ್ಯದಲ್ಲಿ ಮೂರು ಮೂಳೆಗಳು ಮೃದ್ವಸ್ಥಿಯ ಮೂಲಕ ಇಲ್ಲಿ ಸಂಧಿಸಿರುತ್ತವೆ. ಹದಿಹರೆಯದ ಹೊತ್ತಿಗೆ ಅವು ಬೆಸೆದು ಒಂದಾಗುತ್ತವೆ.

ಬಟ್ಟಲಿನ ಒಳಮೈ ಪೂರ್ತಿ ನುಣುಪಾಗಿರುತ್ತದೆ ಎಂದು ಭಾವಿಸುವವರೇ ಹೆಚ್ಚು. ಹಾಗಿಲ್ಲ. ಹೊಳೆಯುವ ಮೃದ್ವಸ್ಥಿ ಕುದುರೆ ಲಾಳದ ಆಕಾರದಲ್ಲಿ ಅಂಚಿನ ಸುತ್ತ ಮಾತ್ರ ಇರುತ್ತದೆ. ನಡುವಿನ ತಗ್ಗಿನಲ್ಲಿ ಕೊಬ್ಬಿನ ಮೆತ್ತೆಯೊಂದಿದ್ದು, ಅಲ್ಲಿಂದ ದುಂಡು ಅಸ್ಥಿರಜ್ಜು ಹೊರಟು ಚೆಂಡಿನ ನೆತ್ತಿಯ ಸಣ್ಣ ಕುಳಿಗೆ ಅಂಟಿಕೊಳ್ಳುತ್ತದೆ. ಮೊದಲ ಬಾರಿ ಒಳನೋಟದ ಪರದೆ ಕಂಡವರು ಈ ತಗ್ಗನ್ನು ಸವೆತವೆಂದು ತಪ್ಪು ತಿಳಿಯುವ ಸಾಧ್ಯತೆಯಿದೆ. ಅದು ಹುಟ್ಟಿನಿಂದಲೇ ಇರುವ ರಚನೆ.

ಬಟ್ಟಲಿನ ಅಂಚಿಗೆ ಸುತ್ತಲೂ ಒಂದು ಉಂಗುರವಿದೆ. ವೈದ್ಯರು ಅದನ್ನು ಲೇಬ್ರಮ್ ಎನ್ನುತ್ತಾರೆ. ನೀರಿನ ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿಯ ಹಾಗೆ ಇದು ದುಂಡನೆಯ ವಸ್ತುವನ್ನು ಅಲುಗಾಡದಂತೆ ಕೂರಿಸುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವೂ ಉಂಟು. ಅಡುಗೆಮನೆಯ ಕುಕ್ಕರಿನ ಗ್ಯಾಸ್ಕೆಟ್‌ನಂತೆ ಇದು ಕೀಲಿನೊಳಗಿನ ತೆಳುವಾದ ದ್ರವವನ್ನು ಹೊರಹೋಗದಂತೆ ಹಿಡಿದಿಡುತ್ತದೆ. ಗ್ಯಾಸ್ಕೆಟ್ ಸೀಳಿದರೆ ಒತ್ತಡ ನಿಲ್ಲದ ಹಾಗೆ, ಲೇಬ್ರಮ್ ಹರಿದರೆ ದ್ರವದ ಪದರ ಜಾರಿ ಮೃದ್ವಸ್ಥಿಯ ಮೇಲೆ ನೇರ ಭಾರ ಬೀಳತೊಡಗುತ್ತದೆ. ಲೇಬ್ರಮ್‌ನಲ್ಲಿ ನೋವಿನ ನರತಂತುಗಳೂ ಇರುವುದರಿಂದ ಹರಿತ ನೋಯುತ್ತದೆ. ಆರೋಗ್ಯವಂತ ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ಅದು ಸದ್ದಿಲ್ಲದೆ ಸವೆಯುತ್ತದೆ.

ಈ ಕೀಲಿನ ಮೇಲೆ ಬೀಳುವ ಭಾರ ಎಷ್ಟೆಂಬುದು ಅಚ್ಚರಿ ಮೂಡಿಸುವಂಥದ್ದು. ಒಂಟಿ ಕಾಲಿನ ಮೇಲೆ ನಿಂತಾಗ ಪಕ್ಕದ ಸ್ನಾಯುಗಳು ಶ್ರೋಣಿ ವಾಲದಂತೆ ಎಳೆದು ಹಿಡಿಯಬೇಕಾಗುತ್ತದೆ. ಆ ಎಳೆತವೂ ಸೇರಿ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ. ನಮ್ಮ ಜಿಲ್ಲೆಯವರೇ ಆದ ಬೇಲೂರಿನ ಮದನಿಕೆಯರು ಒಂದು ಕಾಲಿನ ಮೇಲೆ ಭಾರ ಹಾಕಿ, ಸೊಂಟ ಬಳುಕಿಸಿ ಶತಮಾನಗಳಿಂದ ನಿಂತಿದ್ದಾರೆ. ಅವರದು ಕಲ್ಲಿನ ಕೀಲು. ನಮ್ಮದಕ್ಕೆ ಆ ಭಾಗ್ಯವಿಲ್ಲ.

ಮಂಡಿಗೆ ಸುಲಭ, ಸೊಂಟಕ್ಕೆ ಕಷ್ಟ

ಮಂಡಿಯ ಕೀಲು ಚರ್ಮದಡಿಯಲ್ಲೇ ಇದೆ. ಬೆರಳಿನಿಂದ ಒತ್ತಿದರೆ ಅದರ ಸಂದು ಕೈಗೆ ಸಿಗುತ್ತದೆ. ಸೊಂಟದ ಕೀಲು ಹಾಗಲ್ಲ. ದೇಹದ ಅತ್ಯಂತ ದಪ್ಪ ಸ್ನಾಯುಗಳ ಅಡಿಯಲ್ಲಿ, ಗಟ್ಟಿಯಾದ ಕೀಲುಕೋಶದೊಳಗೆ, ಬಟ್ಟಲಿನ ಆಳದಲ್ಲಿ ಹುದುಗಿದೆ. 1931ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಶವಗಳ ವಿವಿಧ ಕೀಲುಗಳೊಳಗೆ ನಳಿಗೆ ತೂರಿಸಿ ನೋಡಿದಾಗ, ಸೊಂಟದ ಚೆಂಡು ಮತ್ತು ಬಟ್ಟಲಿನ ನಡುವೆ ಇಣುಕುವುದು ಸಾಧ್ಯವಿಲ್ಲವೆಂದೇ ಭಾವಿಸಿದ್ದರು. ಜಪಾನಿನ ಕೆಂಜಿ ತಕಾಗಿ 1939ರಲ್ಲಿ ರೋಗಿಗಳ ಸೊಂಟದ ಒಳನೋಟದ ವರದಿ ನೀಡಿದರೂ, ವಿದ್ಯೆ ನೆಲೆಯೂರಲು ಮತ್ತೆ ಅರ್ಧ ಶತಮಾನ ಬೇಕಾಯಿತು. ಅಷ್ಟರಲ್ಲಿ ಮಂಡಿಯ ಕೀಹೋಲ್ ಚಿಕಿತ್ಸೆ ಲೋಕದೆಲ್ಲೆಡೆ ಹಬ್ಬಿತ್ತು.

ತಡೆಯಾದದ್ದು ಜಾಗದ ಕೊರತೆ. ಚೆಂಡು ಮತ್ತು ಬಟ್ಟಲಿನ ನಡುವೆ ಸಹಜವಾಗಿ ಉಪಕರಣಕ್ಕೆ ಸ್ಥಳವೇ ಇಲ್ಲ. ಆದ್ದರಿಂದ ಅರಿವಳಿಕೆ ನೀಡಿದ ಬಳಿಕ ರೋಗಿಯ ಪಾದವನ್ನು ವಿಶೇಷ ಮೇಜಿಗೆ ಬಿಗಿದು ಕಾಲನ್ನು ಎಳೆಯಲಾಗುತ್ತದೆ. ಎಕ್ಸ್‌ರೇ ಪರದೆಯಲ್ಲಿ ಸಂದು ಎಂಟರಿಂದ ಹತ್ತು ಮಿಲಿಮೀಟರ್ ತೆರೆದುಕೊಂಡರೆ ಕೆಲಸಕ್ಕೆ ಸಾಕು. ಒಳಗಿನ ನಿರ್ವಾತದ ಬಿಗಿತ ಎಷ್ಟಿರುತ್ತದೆಂದರೆ, ಉದ್ದನೆಯ ಸೂಜಿಯೊಂದನ್ನು ಚುಚ್ಚಿ ಗಾಳಿ ಅಥವಾ ದ್ರವವನ್ನು ಒಳಬಿಟ್ಟ ಮೇಲಷ್ಟೇ ಕೀಲು ಸುಲಭವಾಗಿ ಬಿಟ್ಟುಕೊಡುತ್ತದೆ.

ಎಳೆತಕ್ಕೆ ಬೆಲೆಯಿದೆ. ದೇಹ ಜಾರದಂತೆ ತೊಡೆಗಳ ನಡುವೆ ದಪ್ಪ ಮೆತ್ತೆ ಸುತ್ತಿದ ಕಂಬವನ್ನು ಇಡುವುದು ರೂಢಿ. ಅದು ಅಲ್ಲಿನ ನರವನ್ನು ಅದುಮಿದರೆ ಗುಪ್ತಾಂಗದ ಭಾಗದಲ್ಲಿ ಮರಗಟ್ಟಿದ ಅನುಭವವಾಗಬಹುದು. ಬಹುತೇಕರಲ್ಲಿ ಇದು ದಿನಗಳಲ್ಲಿ ಅಥವಾ ವಾರಗಳಲ್ಲಿ ಇಳಿಯುತ್ತದೆ. ಆದರೆ ಮುಂಚೆಯೇ ತಿಳಿಸದಿದ್ದರೆ ರೋಗಿ ಗಾಬರಿಯಾಗುತ್ತಾನೆ, ಸಂಕೋಚದಿಂದ ಯಾರಿಗೂ ಹೇಳುವುದೂ ಇಲ್ಲ. ಎಳೆತದ ಅವಧಿ ಎರಡು ಗಂಟೆ ಮೀರದಂತೆ ನೋಡಿಕೊಳ್ಳಲಾಗುತ್ತದೆ. ಮೇಜನ್ನು ತಲೆಯ ಕಡೆಗೆ ಇಳಿಜಾರಾಗಿಸಿ ಕಂಬವಿಲ್ಲದೆಯೇ ಎಳೆಯುವ ವಿಧಾನವೂ ಈಗ ಬಳಕೆಗೆ ಬಂದಿದೆ.

ಚರ್ಮದ ಮೇಲಿನ ನಕ್ಷೆ

ಕತ್ತಿ ಹಿಡಿಯುವ ಮುನ್ನ ಶಸ್ತ್ರಚಿಕಿತ್ಸಕರು ಹಿಡಿಯುವುದು ಲೇಖನಿಯನ್ನು. ಎರಡು ಮೂಳೆಗಳ ಗುರುತು ಬೇಕು. ಒಂದು, ಸೊಂಟಪಟ್ಟಿ ಕಟ್ಟುವಲ್ಲಿ ಮುಂದೆ ಕೈಗೆ ಸಿಗುವ ಶ್ರೋಣಿಯ ಮೂಳೆಮೊನೆ. ಎರಡು, ಪಕ್ಕಕ್ಕೆ ಮಲಗಿದಾಗ ಹಾಸಿಗೆಗೆ ಒತ್ತುವ ತೊಡೆಮೂಳೆಯ ಉಬ್ಬು. ಮೊದಲನೆಯದರಿಂದ ಮಂಡಿಯತ್ತ ನೇರ ಗೆರೆಯೊಂದನ್ನು ಎಳೆಯುತ್ತಾರೆ. ಈ ಗೆರೆಯೇ ಲಕ್ಷ್ಮಣರೇಖೆ. ಅದರ ಒಳಬದಿಯಲ್ಲಿ ತೊಡೆಯ ಮುಖ್ಯ ನರ, ಅಪಧಮನಿ ಮತ್ತು ಅಭಿಧಮನಿ ಅಕ್ಕಪಕ್ಕ ಸಾಗುತ್ತವೆ. ಉಪಕರಣ ಎಂದೂ ಆ ಬದಿಗೆ ದಾಟಬಾರದು.

ಮೊದಲ ದ್ವಾರ ಸಾಮಾನ್ಯವಾಗಿ ಪಕ್ಕದ ಉಬ್ಬಿನ ತುದಿಗಿಂತ ಸುಮಾರು ಒಂದು ಸೆಂಟಿಮೀಟರ್ ಮೇಲೆ ಮತ್ತು ಮುಂದೆ ಇರುತ್ತದೆ. ಅಪಾಯ ಅತಿ ಕಡಿಮೆ ಇರುವ ಜಾಗ ಇದು. ಆದ್ದರಿಂದ ಇಲ್ಲಿ ಎಕ್ಸ್‌ರೇ ನೆರವಿನಿಂದ ಸೂಜಿ ಇಳಿಸುತ್ತಾರೆ, ಸೂಜಿಯೊಳಗೆ ತಂತಿ, ತಂತಿಯ ಜಾಡಿನಲ್ಲಿ ನಳಿಗೆ. ಎರಡನೆಯ ದ್ವಾರವನ್ನು ಕ್ಯಾಮೆರಾದಲ್ಲಿ ಒಳಗಿನಿಂದ ನೋಡುತ್ತಲೇ ಮಾಡಬಹುದು.

ಎರಡನೆಯದು ಮುಂಭಾಗದ ದ್ವಾರ. ತೊಡೆಯ ಹೊರಬದಿಯ ಚರ್ಮಕ್ಕೆ ಸ್ಪರ್ಶಜ್ಞಾನ ನೀಡುವ ನರ ಈ ಭಾಗದಲ್ಲಿ ಹಲವು ಕವಲಾಗಿ ಹರಡುತ್ತದೆ. ಶವಗಳ ಮೇಲೆ ನಡೆಸಿದ ಅಳತೆಗಳಲ್ಲಿ ಹಳೆಯ ಮುಂದ್ವಾರಕ್ಕೂ ಈ ನರದ ಕವಲಿಗೂ ಇದ್ದ ಅಂತರ ಸರಾಸರಿ ಕೆಲವೇ ಮಿಲಿಮೀಟರ್. ತೊಡೆಯ ಮುಖ್ಯ ನರ ಅಲ್ಲಿಂದ ಸುಮಾರು ಮೂರು ಸೆಂಟಿಮೀಟರ್ ದೂರದಲ್ಲಿತ್ತು. ಹೀಗಾಗಿ ಇಂದು ಅನೇಕರು ದ್ವಾರವನ್ನು ಇನ್ನಷ್ಟು ಹೊರಕ್ಕೂ ಕೆಳಕ್ಕೂ ಸರಿಸುತ್ತಾರೆ, ಕತ್ತಿಯನ್ನು ಚರ್ಮಕ್ಕಿಂತ ಆಳಕ್ಕೆ ಇಳಿಸುವುದಿಲ್ಲ. ಅಷ್ಟಾದರೂ ಕೆಲವರಿಗೆ ತೊಡೆಯ ಹೊರಬದಿ ಕೆಲಕಾಲ ಜೋಮು ಹಿಡಿದಂತಿರುತ್ತದೆ.

ಹಿಂಬದಿಯ ದ್ವಾರ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದಾಗ ನೆನಪಿಡಬೇಕಾದದ್ದು, ಕಾಲಿಗಿಳಿಯುವ ದೊಡ್ಡ ನರವಾದ ಸಯಾಟಿಕ್ ಅಲ್ಲಿಂದ ಸುಮಾರು ಮೂರು ಸೆಂಟಿಮೀಟರ್‌ನಷ್ಟೇ ಹಿಂದಿದೆ ಎಂಬುದು. ಪಾದ ಹೊರಕ್ಕೆ ತಿರುಗಿದ್ದರೆ ಪಕ್ಕದ ಮೂಳೆಯುಬ್ಬು ಹಿಂದಕ್ಕೆ ಸರಿಯುತ್ತದೆ. ಗುರುತೇ ಜರುಗಿದ ಮೇಲೆ ಅಳತೆ ಹಿಡಿದು ಪ್ರಯೋಜನವಿಲ್ಲ. ಸೂಜಿ ನರದತ್ತ ಹೋಗಬಹುದು. ಪಾದವನ್ನು ನೇರ ಇಲ್ಲವೇ ತುಸು ಒಳಕ್ಕೆ ತಿರುಗಿಸಿ ಬಿಗಿಯುವುದು ಈ ಕಾರಣಕ್ಕೆ.

ಗಡಿಯಾರದ ಮುಳ್ಳಿನಂತೆ

ಒಳಹೊಕ್ಕ ಮೇಲೆ ಬಟ್ಟಲಿನ ಅಂಚನ್ನು ಗಡಿಯಾರದ ಮುಖವೆಂದು ಎಣಿಸಲಾಗುತ್ತದೆ. ನೆತ್ತಿ 12 ಗಂಟೆ, ಮುಂಭಾಗ 3 ಗಂಟೆ, ತಳ 6 ಗಂಟೆ. ಲೇಬ್ರಮ್‌ನ ಹರಿತಗಳು ಬಹುಪಾಲು 12ರಿಂದ 3ರ ನಡುವೆ, ಅಂದರೆ ಮೇಲ್ಮುಂಭಾಗದಲ್ಲಿ ಕಾಣುತ್ತವೆ. ಬಾಗಿದಾಗ, ಕುಕ್ಕರಗಾಲಿನಲ್ಲಿ ಕುಳಿತಾಗ ತೊಡೆಮೂಳೆಯ ಕತ್ತು ಬಂದು ತಾಗುವುದು ಅಲ್ಲಿಗೇ. ಸುಮಾರು 3 ಗಂಟೆಯ ಬಳಿ ಕೀಲುಕೋಶದ ಆಚೆ ಸೊಯಾಸ್ ಸ್ನಾಯುವಿನ ರಜ್ಜು ಹಾದುಹೋಗುತ್ತದೆ. ಕಾಲು ಮಡಚಿ ಚಾಚುವಾಗ ಕೆಲವರಿಗೆ ಕೇಳುವ ‘ಟಕ್’ ಸದ್ದಿಗೆ ಅನೇಕ ವೇಳೆ ಈ ರಜ್ಜು ಕಾರಣ.

ಕೀಲನ್ನು ಎರಡು ಕೋಣೆಗಳ ಮನೆಯೆಂದು ತಿಳಿಯಬಹುದು. ಲೇಬ್ರಮ್‌ಗಿಂತ ಒಳಗಿನದು ನಡುಕೋಣೆ. ಎಳೆತವಿದ್ದಾಗ ಮಾತ್ರ ಅಲ್ಲಿಗೆ ಪ್ರವೇಶ. ಲೇಬ್ರಮ್‌ಗಿಂತ ಹೊರಗೆ, ಕೀಲುಕೋಶದೊಳಗೆ, ತೊಡೆಮೂಳೆಯ ಕತ್ತನ್ನು ಸುತ್ತುವರಿದಿರುವುದು ಹೊರಕೋಣೆ. ಅಲ್ಲಿಗೆ ಹೋಗಲು ಎಳೆತವನ್ನು ಸಡಿಲಿಸಿ, ತೊಡೆಯನ್ನು ಸುಮಾರು 45 ಡಿಗ್ರಿ ಮಡಚುತ್ತಾರೆ. ಆಗ ಮುಂಭಾಗದ ಕೀಲುಕೋಶ ಸಡಿಲಗೊಂಡು ಡೇರೆಯಂತೆ ಮೇಲೇಳುತ್ತದೆ.

ಈ ಕೀಲುಕೋಶದ ಮುಂಭಾಗವನ್ನು ಬಲಪಡಿಸಿರುವ ಅಸ್ಥಿರಜ್ಜು ತಲೆಕೆಳಗಾದ ಕವೆಗೋಲಿನ ಆಕಾರದ್ದು. ಬೋಸ್ಟನ್ನಿನ ಶಸ್ತ್ರಚಿಕಿತ್ಸಕ ಹೆನ್ರಿ ಬಿಗೆಲೊ 1869ರಲ್ಲಿ ಇದರ ಮಹತ್ವವನ್ನು ವಿವರಿಸಿದ್ದರಿಂದ ಅವರ ಹೆಸರು ಇದಕ್ಕೆ ಅಂಟಿದೆ. ದೇಹದ ಅತ್ಯಂತ ಬಲಿಷ್ಠ ಅಸ್ಥಿರಜ್ಜು ಎಂಬ ಖ್ಯಾತಿ ಇದರದು. ನಾವು ಹೆಚ್ಚು ಸ್ನಾಯುಬಲ ವ್ಯಯಿಸದೆ ನೆಟ್ಟಗೆ ನಿಲ್ಲಬಲ್ಲೆವಾದರೆ ಅದಕ್ಕೆ ಇದೂ ಕಾರಣ. ಕೀಹೋಲ್ ಚಿಕಿತ್ಸೆಯಲ್ಲಿ ಎರಡು ದ್ವಾರಗಳನ್ನು ಒಳಗಿನಿಂದ ಕೂಡಿಸಲು ಇದೇ ರಜ್ಜನ್ನು ಕೆಲವು ಸೆಂಟಿಮೀಟರ್ ಕತ್ತರಿಸಬೇಕಾಗುತ್ತದೆ. ಹೊರಗೆ ಎರಡು ಚುಕ್ಕೆಯಷ್ಟು ಗಾಯ, ಒಳಗೆ ಇಷ್ಟು ದೊಡ್ಡ ಕೊಯ್ತ! ಕೊನೆಯಲ್ಲಿ ಅದನ್ನು ಹೊಲಿಯದೆ ಬಿಟ್ಟರೆ, ಮೊದಲೇ ಕೀಲುಗಳು ಸಡಿಲವಿರುವವರಲ್ಲಿ ಸೊಂಟ ಅಸ್ಥಿರವಾಗುವ ಅಪಾಯವಿದೆ. ‘ಕೀಲುಕೋಶವನ್ನು ಮತ್ತೆ ಹೊಲಿಯುತ್ತೀರಾ?’ ಎಂಬ ಪ್ರಶ್ನೆಯನ್ನು ರೋಗಿ ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ರಕ್ತದ ಒಂದೇ ದಾರಿ

ಚೆಂಡಿಗೆ ರಕ್ತ ಪೂರೈಕೆಯಾಗುವ ಬಗೆ ಈ ಕೀಲಿನ ಅತಿ ದೊಡ್ಡ ದೌರ್ಬಲ್ಯ. ತೊಡೆಯ ಒಳಬದಿಯಿಂದ ಕತ್ತಿನ ಹಿಂದೆ ಸುತ್ತಿ ಬರುವ ಅಪಧಮನಿಯೊಂದರ ಸಣ್ಣ ಕವಲುಗಳು, ಕತ್ತಿನ ಮೇಲ್ಹಿಂಭಾಗದಲ್ಲಿ ತೆಳುಪೊರೆಯ ಮಡಿಕೆಯೊಳಗೆ ಹತ್ತಿ ಚೆಂಡನ್ನು ಸೇರುತ್ತವೆ. ವಯಸ್ಕರಲ್ಲಿ ಚೆಂಡು ಬಹುಪಾಲು ಈ ಕವಲುಗಳನ್ನೇ ನಂಬಿದೆ. ದುಂಡು ಅಸ್ಥಿರಜ್ಜಿನೊಳಗೆ ಬರುವ ಇನ್ನೊಂದು ಕಿರು ರಕ್ತನಾಳ ಸಾಕಾಗುವುದಿಲ್ಲ. ವೃದ್ಧರು ಬಚ್ಚಲಲ್ಲಿ ಜಾರಿಬಿದ್ದು ತೊಡೆಮೂಳೆಯ ಕತ್ತು ಮುರಿದಾಗ ಎಷ್ಟೋ ಬಾರಿ ಮೂಳೆ ಕೂಡದಿರಲು, ಚೆಂಡು ಸಾಯಲು ಈ ರಚನೆಯೇ ಮೂಲ.

ಕೀಹೋಲ್ ಚಿಕಿತ್ಸೆಯಲ್ಲಿ ಆ ಮಡಿಕೆ ಗಡಿಕಲ್ಲಿನಂತೆ ಕೆಲಸಕ್ಕೆ ಬರುತ್ತದೆ. ಕತ್ತಿನ ಮುಂಭಾಗದ ಮೂಳೆಯನ್ನು ಉಜ್ಜುತ್ತ ಮೇಲಕ್ಕೆ ಬಂದವರು ಮಡಿಕೆ ಕಂಡೊಡನೆ ಎಚ್ಚರಗೊಳ್ಳಬೇಕು.

ರಕ್ತ ನಿಂತು ಚೆಂಡು ಸಾಯುವ ಕಾಯಿಲೆ ಪೆಟ್ಟಿಲ್ಲದೆಯೂ ಬರುತ್ತದೆ. ದೀರ್ಘಕಾಲದ ಸ್ಟೆರಾಯ್ಡ್ ಸೇವನೆ ಮತ್ತು ಅತಿಯಾದ ಮದ್ಯಪಾನ ಇದರ ಪ್ರಮುಖ ಕಾರಣಗಳು. ಎಚ್.ಡಿ. ಕೋಟೆ, ಚಾಮರಾಜನಗರ ಭಾಗದ ಬುಡಕಟ್ಟು ಜನರಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಯೂ ಯುವಕರ ಸೊಂಟವನ್ನು ಹೀಗೆ ಕೆಡಿಸಬಲ್ಲದು. ಚೆಂಡು ಕುಸಿದ ಮೇಲೆ ಕೀಹೋಲ್‌ನಿಂದ ಅದನ್ನು ಮತ್ತೆ ದುಂಡಗಾಗಿಸಲು ಆಗುವುದಿಲ್ಲ.

ಕೆತ್ತಬಹುದಾದದ್ದು, ಕೆತ್ತಲಾಗದ್ದು

ಸ್ವಿಟ್ಜರ್‌ಲೆಂಡ್‌ನ ಬರ್ನ್ ನಗರದ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ವಿಚಾರವೇ ಇಂದಿನ ಸೊಂಟದ ಕೀಹೋಲ್ ಚಿಕಿತ್ಸೆಗೆ ಬಹುಪಾಲು ತಳಹದಿ. ಚೆಂಡು ಮತ್ತು ಕತ್ತು ಕೂಡುವಲ್ಲಿ ಉಬ್ಬಿದ್ದರೆ ಅಥವಾ ಬಟ್ಟಲಿನ ಅಂಚು ಅತಿಯಾಗಿ ಮುಂಚಾಚಿದ್ದರೆ, ಮಡಚಿದಾಗಲೆಲ್ಲ ಮೂಳೆಗೆ ಮೂಳೆ ತಾಗಿ ಲೇಬ್ರಮ್ ಜಜ್ಜಿಹೋಗುತ್ತದೆ. ಮುಂದೆ ಸಂಧಿವಾತಕ್ಕೆ ಇದು ದಾರಿಯಾಗುತ್ತದೆ ಎಂಬುದು ಅವರ ವಾದ. ಉಬ್ಬನ್ನು ಕೆತ್ತಿ, ಹರಿದ ಲೇಬ್ರಮ್ ಅನ್ನು ಸಣ್ಣ ಗೂಟಗಳ ನೆರವಿನಿಂದ ಅಂಚಿಗೆ ಮತ್ತೆ ಹೊಲಿಯುವುದು ಚಿಕಿತ್ಸೆ. ಕೆತ್ತನೆಗೂ ಮಿತಿಯಿದೆ. ಕತ್ತಿನ ಮುಂಭಾಗದ ಮೂರನೇ ಒಂದು ಭಾಗದಷ್ಟು ತೆಗೆದರೆ ಮೂಳೆಯೇ ಮುರಿಯುವ ಅಪಾಯ ಏರುತ್ತದೆ ಎಂದು ಶವಗಳ ಮೇಲಿನ ಪರೀಕ್ಷೆಗಳು ತೋರಿಸಿವೆ.

ಯಾವ ನೋವೂ ಇಲ್ಲದವರ ಚಿತ್ರಗಳಲ್ಲೂ ಇಂತಹ ಉಬ್ಬು ಮತ್ತು ಲೇಬ್ರಮ್ ಹರಿತ ಧಾರಾಳವಾಗಿ ಕಾಣುತ್ತವೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಎಂಆರ್‌ಐ ವರದಿಯ ಒಂದು ಸಾಲನ್ನು ಮಾತ್ರ ನೋಡಿ ಶಸ್ತ್ರಚಿಕಿತ್ಸೆಗೆ ಒಪ್ಪುವುದು ತರವಲ್ಲ. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು 348 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಕೀಹೋಲ್ ಚಿಕಿತ್ಸೆಯನ್ನೂ ತಜ್ಞರ ಮಾರ್ಗದರ್ಶನದ ವ್ಯಾಯಾಮ ಚಿಕಿತ್ಸೆಯನ್ನೂ ಹೋಲಿಸಿತು. ವರ್ಷದ ಬಳಿಕ ಎರಡೂ ಗುಂಪು ಸುಧಾರಿಸಿದ್ದವು. 100 ಅಂಕಗಳ ಅಳತೆಯಲ್ಲಿ ಶಸ್ತ್ರಚಿಕಿತ್ಸೆಯ ಗುಂಪು 6.8 ಅಂಕ ಮುಂದಿತ್ತು. ಲಾಭವಿದೆ, ಆದರೆ ಪವಾಡವಿಲ್ಲ.

ಇನ್ನು ಬಟ್ಟಲು ಆಳವಿಲ್ಲದವರ ಕಥೆ ಬೇರೆ. ಚೆಂಡಿಗೆ ಸಾಕಷ್ಟು ಚಾವಣಿಯಿಲ್ಲದ ಅಂಥವರಲ್ಲಿ ಲೇಬ್ರಮ್ಮೇ ಹೆಚ್ಚು ಭಾರ ಹೊತ್ತು ದಪ್ಪವಾಗಿರುತ್ತದೆ. ಅದನ್ನು ಕತ್ತರಿಸಿದರೆ ಇದ್ದ ಆಸರೆಯೂ ಹೋದಂತೆ. ಎಕ್ಸ್‌ರೇಯಲ್ಲಿ ಚೆಂಡಿನ ಕೇಂದ್ರದಿಂದ ಚಾವಣಿಯ ಅಂಚಿನವರೆಗಿನ ಕೋನವನ್ನು ಅಳೆಯುತ್ತಾರೆ. ಅದು 25 ಡಿಗ್ರಿಗಿಂತ ಹೆಚ್ಚಿದ್ದರೆ ಸಹಜ, 20ಕ್ಕಿಂತ ಕಡಿಮೆಯಿದ್ದರೆ ಬಟ್ಟಲು ಆಳ ಸಾಲದು ಎಂದರ್ಥ. ಹಸುಗೂಸಿನ ಕಾಲುಗಳನ್ನು ಜೋಡಿಸಿ ಬಿಗಿಯಾಗಿ ಸುತ್ತುವ ಸಮಾಜಗಳಲ್ಲಿ ಈ ದೋಷ ಹೆಚ್ಚು. ಮಗುವನ್ನು ಕಾಲಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವ ನಮ್ಮ ತಾಯಂದಿರ ಪದ್ಧತಿ ಕೀಲಿಗೆ ಹಿತ ಎಂಬುದನ್ನು ಮೂಳೆತಜ್ಞರೂ ಒಪ್ಪುತ್ತಾರೆ.

ಹಂದಿಗೋಡಿನ ಪಾಠ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರು ವೈದ್ಯಕೀಯ ಗ್ರಂಥಗಳನ್ನು ಸೇರಿದ್ದು ಸೊಂಟದ ಕೀಲಿನಿಂದಲೇ. 1970ರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ದಲಿತ ಕೃಷಿಕಾರ್ಮಿಕ ಕುಟುಂಬಗಳಲ್ಲಿ ಹಲವರು ಸೊಂಟ ನೋವಿನಿಂದ ಬಾಗಿ, ಕುಂಟಿ, ಕೆಲವರು ನಡೆಯಲಾರದ ಸ್ಥಿತಿ ತಲುಪಿದ್ದು ಬೆಳಕಿಗೆ ಬಂತು. ಗದ್ದೆಗೆ ಸಿಂಪಡಿಸಿದ ಕೀಟನಾಶಕ, ಅದೇ ಗದ್ದೆಯಲ್ಲಿ ಹಿಡಿದು ತಿಂದ ಏಡಿಗಳ ಮೇಲೆ ಮೊದಲು ಸಂಶಯ ಮೂಡಿತ್ತು. ಬಳಿಕದ ಅಧ್ಯಯನಗಳು ಇದು ವಂಶವಾಹಿ ಕಾಯಿಲೆಯೆಂದೂ, ತಂದೆ ಅಥವಾ ತಾಯಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಶೇ 50ರ ಸಾಧ್ಯತೆ ಇದೆಯೆಂದೂ ನಿರೂಪಿಸಿದವು. 1994ರಲ್ಲಿ ಪ್ರಕಟವಾದ ಎಕ್ಸ್‌ರೇ ಅಧ್ಯಯನ ಇದನ್ನು ಮೂಳೆಗಳ ತುದಿ ಮತ್ತು ಬೆನ್ನೆಲುಬಿನ ಬೆಳವಣಿಗೆಯ ದೋಷವೆಂದು ಗುರುತಿಸಿತು. ಕೆಲವರಲ್ಲಿ ಎತ್ತರ ಸಹಜವಾಗಿದ್ದು ಸೊಂಟ ಮಾತ್ರ ಸವೆಯುತ್ತದೆ, ಮತ್ತೆ ಕೆಲವರಲ್ಲಿ ಕುಳ್ಳತನವೂ ಜೊತೆಗೂಡುತ್ತದೆ. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿನ ಇಂಥದೇ ಕಾಯಿಲೆಯೊಂದಿಗೆ 1997ರಲ್ಲಿ ಇದನ್ನು ಹೋಲಿಸಿ ನೋಡಲಾಯಿತು.

ಇಂತಹ ಕೀಲಿನಲ್ಲಿ ಚೆಂಡೇ ಚಪ್ಪಟೆ, ಬಟ್ಟಲೂ ವಿಕಾರ, ಮೃದ್ವಸ್ಥಿ ಅಕಾಲದಲ್ಲಿ ಮುಗಿದಿರುತ್ತದೆ. ಕೀಹೋಲ್ ಮೂಲಕ ಹೊಲಿಯಲು, ಕೆತ್ತಲು ಅಲ್ಲಿ ಉಳಿದಿರುವುದು ಕಡಿಮೆ. ನಡೆಯುವ ಶಕ್ತಿ ಮರಳಿಸಬಲ್ಲದ್ದು ಕೃತಕ ಕೀಲು ಜೋಡಣೆ ಮಾತ್ರ. ಇದೇ ಮಾತು ವಯಸ್ಸಿನಿಂದ ಸವೆದ ಕೀಲಿಗೂ ಸಲ್ಲುತ್ತದೆ. ಎಕ್ಸ್‌ರೇಯಲ್ಲಿ ಚೆಂಡು–ಬಟ್ಟಲಿನ ನಡುವಣ ಅಂತರ 2 ಮಿಲಿಮೀಟರ್‌ಗಿಂತ ಕಿರಿದಾಗಿದ್ದರೆ ಕೀಹೋಲ್ ಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ಮತ್ತೆ ಕೃತಕ ಕೀಲಿಗಾಗಿ ಬರುತ್ತಾರೆ. ಎರಡು ಬಾರಿ ಖರ್ಚು, ಎರಡು ಬಾರಿ ಅರಿವಳಿಕೆ.

ಜ್ವರದೊಂದಿಗೆ ಸೊಂಟ ನೋವು ಬಂದ ಮಗುವಿನಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಕೀಲಿನಲ್ಲಿ ಕೀವು ತುಂಬಿದ್ದರೆ ಗಂಟೆಗಳೂ ಅಮೂಲ್ಯ. ಕೀಲನ್ನು ತೆರೆದೋ ಕೀಹೋಲ್ ಮೂಲಕವೋ ತಡವಿಲ್ಲದೆ ತೊಳೆಯಬೇಕು. ಕ್ಷಯದ ಶಂಕೆಯಿದ್ದಾಗ ಪರೀಕ್ಷೆಗೆ ತುಣುಕು ತೆಗೆಯಲೂ ಈ ಕಿರುದಾರಿ ನೆರವಾಗುತ್ತದೆ.

ಮಲ್ಲಿಪಟ್ಟಣದ ಸುತ್ತಮುತ್ತ ಕಳೆ ಕೀಳುವವರು, ಆಲೂಗೆಡ್ಡೆ ಆಯುವವರು, ಹಾಲು ಕರೆಯುವವರು ದಿನದ ಬಹುಹೊತ್ತು ಕುಕ್ಕರಗಾಲಿನಲ್ಲಿರುತ್ತಾರೆ. ಉಣ್ಣುವುದು ಚಕ್ಕಳಮಕ್ಕಳ ಹಾಕಿ. ಸೊಂಟದ ಕೀಲನ್ನು ಅದರ ಕೊನೆಯ ಮಿತಿಯವರೆಗೆ ಮಡಚುವ, ತಿರುಗಿಸುವ ಜೀವನ ಇದು. ಕೀಹೋಲ್ ಚಿಕಿತ್ಸೆಯ ನಂತರ ಸಾಮಾನ್ಯವಾಗಿ ಕೆಲವು ವಾರ ಊರುಗೋಲು, ಶ್ರಮದ ಕೆಲಸಕ್ಕೆ ಮರಳಲು ತಿಂಗಳುಗಳು ಹಿಡಿಯುತ್ತವೆ. ಕೃತಕ ಕೀಲಾದರೆ ನೆಲದ ಮೇಲೆ ಕೂರುವುದನ್ನೇ ಬಿಡುವಂತೆ ಅನೇಕ ವೈದ್ಯರು ಸೂಚಿಸುತ್ತಾರೆ. ಪಾಶ್ಚಾತ್ಯ ಪ್ರಶ್ನಾವಳಿಗಳು ಮೆಟ್ಟಿಲು ಹತ್ತುವುದನ್ನು, ಕಾರು ಇಳಿಯುವುದನ್ನು ಕೇಳುತ್ತವೆ. ಬಯಲಿನ ಕೆಲಸ, ನೆಲದ ಊಟ, ಭಾರತೀಯ ಶೌಚಾಲಯದ ಬಗ್ಗೆ ರೋಗಿಯೇ ಬಾಯಿ ಬಿಟ್ಟು ವೈದ್ಯರಿಗೆ ಹೇಳಬೇಕಾಗುತ್ತದೆ. ಹೇಳುವಾಗ ‘ಸೊಂಟ’ ಎಂಬ ಪದದ ಜೊತೆಗೆ, ನೋವಿರುವ ಜಾಗವನ್ನು ಕೈಯಿಟ್ಟು ತೋರಿಸುವುದು ಒಳ್ಳೆಯದು.